ನಾಲ್ಕಡಿ ಹತ್ತಿಂಚು

ಹರಳೆಣ್ಣೆಯ ವಾಸನೆ ಬಂದರೆ ಬೇರೆಯವರಿಗೆ ಎಣ್ಣೆಸ್ನಾನ ನೆನಪಾಗುತ್ತದೆ, ನೆತ್ತಿಗೆ ತಟ್ಟಿದ ಅಜ್ಜಿಯ ಕೈ ನೆನಪಾಗುತ್ತದೆ. ನನಗೆ ನೆನಪಾಗುವುದು ಫುಟ್‌ಬಾಲು. ನಗಬೇಡಿ. ಮೊನ್ನೆ ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯವರು ಕೂಸಿಗೆ ನೀರೆರೆಯುವ ಮುಂಚೆ ಹರಳೆಣ್ಣೆ ಬಿಸಿ ಮಾಡುತ್ತಿದ್ದರು. ಆ ಮಂದ ವಾಸನೆ ಕಾಂಪೌಂಡ್ ದಾಟಿ ನನ್ನ ಅಡುಗೆಮನೆಗೆ ಬಂತು. ಒಲೆಯ ಮೇಲೆ ಹಾಲು ಉಕ್ಕಿ ಹೋದರೂ ನನಗೆ ಎಚ್ಚರವಿಲ್ಲ. ಕಣ್ಣ ಮುಂದೆ ಶಿರಾಳಕೊಪ್ಪದ ನಮ್ಮ ಮನೆಯ ಜಗಲಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಗಫೂರ್ ಸಾಬ್ರು, ಅವರ ತೊಡೆಯ ಮೇಲೆ ಒಂದು ತೊಗಲಿನ ಚೆಂಡು. ಶನಿವಾರ ಸಂಜೆ ಚೆಂಡುಗಳಿಗೆ ಎಣ್ಣೆ ಕುಡಿಸುವುದು ಅವರ ಕೆಲಸ. ಹಳೇ ಬನಿಯನ್ನಿನ ಚೂರನ್ನು ಎಣ್ಣೆಯಲ್ಲಿ ಅದ್ದಿ, ಒಂದೊಂದು ಹೊಲಿಗೆಯ ಮೇಲೂ ನಿಧಾನಕ್ಕೆ ಬೆರಳಾಡಿಸುತ್ತಾ, “ತೊಗಲಿಗೂ ಬಾಯಾರಿಕೆ ಆಗ್ತದಮ್ಮಾ” ಅನ್ನುವರು. ಚೆಂಡಿಗೆ ಬಾಯಿ ಎಲ್ಲಿದೆ ಎಂದು ಕೇಳಿದರೆ ಲೇಸು ಕಟ್ಟುವ ಸೀಳನ್ನು ತೋರಿಸುವರು. ಆ ಉತ್ತರದಿಂದ ನನಗೆ ಪೂರ್ತಿ ಸಮಾಧಾನವಾಗುತ್ತಿತ್ತು.

ಆ ಮನೆ ಈಗಿಲ್ಲ. ಸಂತೆ ಮೈದಾನದ ಹಿಂದಿನ ಓಣಿಯಲ್ಲಿ ಅದಿದ್ದ ಜಾಗದಲ್ಲಿ ಮೂರಂತಸ್ತಿನ ಬಟ್ಟೆ ಅಂಗಡಿ ಎದ್ದಿದೆ. ಹೋದ ವರ್ಷ ಅದರೊಳಗೆ ಹೋಗಿ, ನನಗೆ ಬೇಡವೇ ಬೇಡದ ಒಂದು ದುಪಟ್ಟಾ ಕೊಂಡು, ನಮ್ಮ ಜಗಲಿ ಸುಮಾರು ಎಲ್ಲಿದ್ದಿರಬಹುದು ಎಂದು ಹೆಜ್ಜೆ ಹಾಕಿ ನೋಡಿದೆ. ಬಟ್ಟೆ ಹಾಕಿ ನೋಡುವ ಕೋಣೆಯ ಹತ್ತಿರ ಎಂದು ತೋರಿತು. ನಿಮಗೂ ಹೀಗೆ ಆಗಿರಬೇಕು, ಬೇರೆ ಯಾರದೋ ಆಗಿಹೋದ ಜಾಗದಲ್ಲಿ ನಿಂತು ಹಳೆಯ ಗೋಡೆಗಳನ್ನು ಕಾಲಿನಿಂದ ಹುಡುಕುವುದು. ದೊಡ್ಡ ಮನೆಯೇನಲ್ಲ. ಬೀದಿಗೆ ಮಣ್ಣಿನ ಜಗಲಿ, ನಡುಮನೆ, ಅಡುಗೆಮನೆ, ಹಿಂದೆ ಒಂದು ಎಮ್ಮೆ ಕಟ್ಟುವ ಕೊಟ್ಟಿಗೆ. ಅದರಲ್ಲಿ ಅಪ್ಪ, ಅವ್ವ, ಅಣ್ಣ ಮಂಜು, ನಾನು ಮತ್ತು ಅಪ್ಪನ ಅಕ್ಕ ಗಿರಿಜತ್ತೆ ಇದ್ದೆವು. ಉಳಿದ ಜಾಗದಲ್ಲೆಲ್ಲ ಫುಟ್‌ಬಾಲ್ ಕ್ಲಬ್ಬು ಇತ್ತು. ನಡುಮನೆಯ ತೊಲೆಯಿಂದ ಬಲೆಯಲ್ಲಿ ಚೆಂಡುಗಳು ತೂಗುತ್ತಿದ್ದವು. ಗೋಲಿನ ಬಿದಿರುಗಳು ಎಮ್ಮೆಯ ಪಕ್ಕದಲ್ಲಿ ಒರಗಿರುತ್ತಿದ್ದವು. ಹಿತ್ತಲ ತಂತಿಯ ಮೇಲೆ ಇಟ್ಟಿಗೆ ಬಣ್ಣದ ಅಂಗಿಗಳು ಒಣಗುತ್ತಿದ್ದವು. ಬೆಳೆಯುವ ಮಕ್ಕಳು, ದೊಡ್ಡದೇ ಇರಲಿ ಎಂದು ಎಲ್ಲವನ್ನೂ ಒಂದೇ ಅಳತೆಗೆ ಹೊಲಿಸಿದ್ದರಿಂದ ಅವು ಸಣ್ಣವರಿಗೆ ಮೊಣಕಾಲು ಮುಟ್ಟುತ್ತಿದ್ದವು. ಬೇರೆ ಊರಿನವರು ನಮ್ಮದನ್ನು ಲಂಗದ ಟೀಮು ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಸೋತು ಹೋಗುತ್ತಿದ್ದರು ಅನ್ನುವುದು ಬೇರೆ ಮಾತು.

ಗಿರಿಜತ್ತೆ ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಪ್ರಾಥಮಿಕ ಶಾಲೆಯಲ್ಲಿ ಕೆಲಸ ಹಿಡಿದವರು. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಅತ್ತೆ ಇಡೀ ಊರಿಗೆ ಅಕ್ಕೋರು. ಗಫೂರ್ ಸಾಬ್ರದು ನಮ್ಮ ಎದುರಿಗೇ ತಗಡಿನ ಅಂಗಡಿ. ಟ್ರಂಕು, ಆಲಿಕೆ, ಸೀಮೆಎಣ್ಣೆ ಡಬ್ಬಿ ಮಾಡುತ್ತಿದ್ದರು. ಹುಡುಗರಾಗಿದ್ದಾಗ ಭದ್ರಾವತಿಯಲ್ಲಿ ಅಣ್ಣನ ಮನೆಯಲ್ಲಿದ್ದು ಫುಟ್‌ಬಾಲ್ ಕಲಿತಿದ್ದರು. ಊರಿಗೆ ಬಂದ ಮೇಲೆ ಒಂದು ಚೆಂಡು ತಂದು, ಒಂಬತ್ತು ಹುಡುಗರನ್ನು ಕೂಡಿಸಿ ಸಂತೆ ಮೈದಾನದಲ್ಲಿ ಆಡಿಸತೊಡಗಿದರು. ನಾಲ್ಕನೆಯ ದಿನವೋ ಐದನೆಯ ದಿನವೋ ಆ ಚೆಂಡು ನಮ್ಮ ಹಿತ್ತಲಿಗೆ ಹಾರಿ, ಅತ್ತೆ ಒಣಗಲು ಹಾಕಿದ್ದ ಹಪ್ಪಳಗಳ ನಟ್ಟನಡುವೆ ಬಿತ್ತು. ಅತ್ತೆ ಚೆಂಡನ್ನು ಎತ್ತಿ ಟ್ರಂಕಿನಲ್ಲಿ ಹಾಕಿ ಬೀಗ ಜಡಿದರು. ಗಫೂರ್ ಸಾಬ್ರು ಬಂದು ತಲೆ ತಗ್ಗಿಸಿ ನಿಂತರೆ ಅತ್ತೆ ಹೇಳಿದ್ದಿಷ್ಟೇ: “ಸಾಲಿ ತಪ್ಪಿಸಿದವನು ಆಡಬಾರದು. ಒಪ್ಪಿದ್ರೆ ಚೆಂಡು ಕೊಡ್ತೀನಿ, ಇಲ್ಲಾಂದ್ರೆ ಇಲ್ಲ.” ಸಾಬ್ರು ಒಪ್ಪಿದರು. ಯಾವನು ಶಾಲೆ ತಪ್ಪಿಸಿದ ಎಂದು ನೋಡಲು ಅತ್ತೆ ದಿನಾ ಸಂಜೆ ಮೈದಾನಕ್ಕೆ ಹೋಗಬೇಕಾಯಿತು. ಹೋಗಿ ಹೋಗಿ ಅವರೂ ಕ್ಲಬ್ಬಿನವರೇ ಆಗಿಬಿಟ್ಟರು. ನಾನು ಆಗಿನ್ನೂ ಅವ್ವನ ಸೊಂಟದ ಮೇಲಿದ್ದೆನಂತೆ. ಇದೆಲ್ಲ ಕೇಳಿ ಕೇಳಿ ನನ್ನದೇ ನೆನಪು ಅನ್ನುವ ಹಾಗಾಗಿದೆ.

ನನಗೆ ಬುದ್ಧಿ ಬರುವ ಹೊತ್ತಿಗೆ ಒಂಬತ್ತು ಹುಡುಗರು ನಲವತ್ತಾಗಿದ್ದರು, ಒಂದು ಚೆಂಡು ಮೂರಾಗಿತ್ತು. ಜಡೆ ಅನ್ನುವ ಊರಿನಿಂದ ಬಸ್ಸು ಹತ್ತಿ ಬರುವವರೂ ಇದ್ದರು. ಸಂತೆಯ ಮಾರನೇ ದಿನ ಮೈದಾನ ನೋಡಬೇಕಿತ್ತು ನೀವು! ಈರುಳ್ಳಿ ಸಿಪ್ಪೆ, ಒಡೆದ ಬಳೆ, ಕೊಳೆತ ಟೊಮೇಟೊ, ಎತ್ತಿನ ಸಗಣಿ. ಎಲ್ಲರೂ ಬರಿಗಾಲಿನಲ್ಲಿ ಆಡುವವರಾದ್ದರಿಂದ ಮೊದಲು ಬಳೆ ಚೂರು ಆರಿಸಬೇಕು. ಹುಡುಗರು ಒಂದು ಸಾಲಾಗಿ ನಿಂತು, ಸಸಿ ನೆಡುವವರ ಹಾಗೆ ಬಗ್ಗಿ, ಈ ತುದಿಯಿಂದ ಆ ತುದಿಗೆ ಆರಿಸುತ್ತಾ ಹೋಗುವರು. ಬಳೆ ಚೂರೇನೋ ಸಿಗುತ್ತಿತ್ತು, ಆದರೆ ಮಣ್ಣಿನಲ್ಲಿ ಹುದುಗಿದ ಮೆಣಸಿನಕಾಯಿ ಕಾಣುತ್ತಿರಲಿಲ್ಲ. ಆಟದ ನಡುವೆ ಯಾರಾದರೂ ಒಂಟಿ ಕಾಲಲ್ಲಿ ಕುಣಿದರೆ ಮೆಣಸಿನಕಾಯಿ ತುಳಿದ ಎಂದು ಅರ್ಥ. ಹುಡುಗಿಯರು ಯಾಕೆ ಆಡಬಾರದು ಎಂದು ಒಮ್ಮೆ ಅತ್ತೆಯನ್ನು ಕೇಳಿದೆ. “ಆಡು, ಯಾರು ಬ್ಯಾಡ ಅಂದ್ರು?” ಎಂದರು. ಎರಡು ದಿನ ಆಡಿದೆ. ಚೆಂಡು ನನ್ನತ್ತ ಬಂದಾಗ ಅದು ಯಾಕೆ ಒಂದು ಕಡೆಗೆ ವಾಲಿ ಉರುಳುತ್ತದೆ ಎಂದು ನೋಡುತ್ತಾ ನಿಂತುಬಿಡುತ್ತಿದ್ದೆ. ಹುಡುಗರು ನನಗೆ ‘ಯಾಕವ್ವ’ ಎಂದು ಹೆಸರಿಟ್ಟರು. ಇವತ್ತಿಗೂ ಮಂಜು ಫೋನ್ ಮಾಡಿದರೆ “ಏನ್ ಯಾಕವ್ವ, ಆರಾಮಾ?” ಅಂತಲೇ ಶುರು ಮಾಡುವುದು.

ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಸೊರಬದಲ್ಲಿ ಮಕ್ಕಳ ಪಂದ್ಯ. ಹತ್ತಾರು ಊರಿನ ತಂಡಗಳು ಬರುತ್ತಿದ್ದವು. ಅಲ್ಲಿ ವಯಸ್ಸು ನೋಡುತ್ತಿರಲಿಲ್ಲ, ಎತ್ತರ ನೋಡುತ್ತಿದ್ದರು. ನಾಲ್ಕಡಿ ಹತ್ತಿಂಚಿಗಿಂತ ಎತ್ತರದವನು ಆಡುವಂತಿಲ್ಲ. ಯಾಕೆ ಎಂದು ನಾನು ಕೇಳದೆ ಬಿಡುತ್ತೇನೆಯೇ! ಅತ್ತೆ ಶಾಲೆಯ ದಾಖಲಾತಿ ತೋರಿಸಿ ನಕ್ಕರು. ಇಡೀ ತರಗತಿಯ ಮಕ್ಕಳು ಜೂನ್ ಒಂದನೇ ತಾರೀಕೇ ಹುಟ್ಟಿದ್ದರು. ಕೂಸು ಯಾವಾಗ ಹುಟ್ಟಿತು ಎಂದರೆ ತಾಯಂದಿರು ಭತ್ತ ಕೊಯ್ಯುವಾಗ ಎಂದೋ, ದೊಡ್ಡ ಮಳೆ ಬಂದ ವರ್ಷ ಎಂದೋ ಹೇಳುತ್ತಿದ್ದರು. ಅತ್ತೆ ಜೂನ್ ಒಂದು ಎಂದು ಬರೆಯುತ್ತಿದ್ದರು. “ನಾನೇ ಬರೆದ ಸುಳ್ಳನ್ನ ನಾನು ಹೆಂಗೆ ನಂಬ್ಲಿ? ಎತ್ತರ ಸುಳ್ಳು ಹೇಳಲ್ಲ” ಎನ್ನುವರು. ಹಾಗಾಗಿ ಕ್ಲಬ್ಬಿನ ಮೊದಲ ವರ್ಷವೇ ಗಫೂರ್ ಸಾಬ್ರು ತಮ್ಮ ಉಕ್ಕಿನ ಅಡಿಕೋಲಿನಿಂದ ಜಗಲಿಯ ನೆಲದಿಂದ ಅಳೆದು, ನಮ್ಮ ಮುಂಬಾಗಿಲ ಮರದ ಚೌಕಟ್ಟಿಗೆ ಸರಿಯಾಗಿ ನಾಲ್ಕಡಿ ಹತ್ತಿಂಚಿನ ಎತ್ತರಕ್ಕೆ ಒಂದು ತಗಡಿನ ಪಟ್ಟಿ ಹೊಡೆದರು. ಚೌಕಟ್ಟಿಗೆ ಒರಗಿ ನಿಂತಾಗ ತಲೆ ಪಟ್ಟಿ ಮೀರದವನು ಸೊರಬಕ್ಕೆ. ಮೀರಿದವನಿಗೆ ಆಟ ಅಲ್ಲಿಗೇ ಮುಗಿಯಿತು, ಯಾಕೆಂದರೆ ನಮ್ಮ ಸುತ್ತಮುತ್ತ ದೊಡ್ಡವರ ಫುಟ್‌ಬಾಲ್ ತಂಡವೇ ಇರಲಿಲ್ಲ. ದೊಡ್ಡವರೆಲ್ಲ ವಾಲಿಬಾಲು, ಕಬಡ್ಡಿ, ಕ್ರಿಕೆಟ್ಟು.

ಅಳತೆಯ ದಿನ ನಮ್ಮ ಮನೆಯ ಮುಂದೆ ಮದುವೆಮನೆಯಷ್ಟು ಜನ. ಎತ್ತರ ಆಗಿಬಿಟ್ಟೆವು ಎಂಬ ಭಯದ ಹುಡುಗರ ಪಾಡು ಕೇಳಬೇಡಿ. ಒಬ್ಬ ತಲೆ ಬೋಳಿಸಿಕೊಂಡು ಬಂದ. ಇನ್ನೊಬ್ಬ ಬೆಳಗಿನಿಂದ ಮೆಣಸಿನಕಾಯಿ ಚೀಲ ತಲೆಯ ಮೇಲೆ ಹೊತ್ತು ಓಡಾಡಿ, ಎಲುಬು ಒಂದರೊಳಗೊಂದು ಕೂತರೆ ಕುಳ್ಳಗಾಗುತ್ತೇನೆ ಎಂದು ನಂಬಿದ್ದ. ಅಗಲ ಪೈಜಾಮದೊಳಗೆ ಮೊಣಕಾಲು ಮಡಚುವವರಂತೂ ಲೆಕ್ಕವಿಲ್ಲ. ಎಲ್ಲರಿಗಿಂತ ಕಿಲಾಡಿಗಳು ನಿಂತಲ್ಲೇ ಹಿಮ್ಮಡಿ ತಿರುವಿ ತಿರುವಿ ಮಣ್ಣಿನ ನೆಲದಲ್ಲಿ ಕುಳಿ ಮಾಡುತ್ತಿದ್ದರು. ಕುಳಿಯಲ್ಲಿ ನಿಂತರೆ ಅಷ್ಟು ತಗ್ಗು. ಅತ್ತೆಯ ಕಣ್ಣು ತಪ್ಪಿಸಲಾದೀತೇ? ಎರಡನೇ ವರ್ಷದಿಂದ ಅವರು ಅಳತೆಯ ಹಿಂದಿನ ವಾರವೇ ಆ ಜಾಗಕ್ಕೆ ಕೆಮ್ಮಣ್ಣು ಹಾಕಿ, ಮರದ ತುಂಡಿನಿಂದ ಬಡಿದು ಬಡಿದು ಕಲ್ಲಿನ ಹಾಗೆ ಮಾಡಿ, ಸಗಣಿ ಹಾಕಿ ಸಾರಿಸುತ್ತಿದ್ದರು. ಆಮೇಲೆ ಅಲ್ಲಿ ಬೆಕ್ಕು ಕೂಡ ಕಾಲಿಡುವಂತಿರಲಿಲ್ಲ. ಅಳತೆಯಲ್ಲಿ ಅವರು ಎಷ್ಟು ಬಿಗಿ ಎಂದರೆ, ಸೊರಬದವರು ಉಳಿದ ತಂಡಗಳನ್ನೆಲ್ಲ ಅಡ್ಡ ಕಟ್ಟಿದ ಬಿದಿರಿನ ಕೆಳಗೆ ಒಬ್ಬೊಬ್ಬರನ್ನೇ ದಾಟಿಸಿ ನೋಡುತ್ತಿದ್ದರೂ, ಶಿರಾಳಕೊಪ್ಪದ ಯಾದಿ ಬಂದರೆ “ಅಕ್ಕೋರು ಅಳೆದದ್ದಲ್ಲವಾ, ನೀವು ಹೋಗಿ ಮಾರಾಯ್ರೆ” ಎಂದು ಹಾಗೇ ಒಳಗೆ ಬಿಡುತ್ತಿದ್ದರು. ನನಗೆ ಎಂಟು ವರ್ಷವಿದ್ದಾಗ ಗಫೂರ್ ಸಾಬ್ರ ಮಗ ಇಸ್ಮಾಯಿಲನೇ ಪಟ್ಟಿಗೆ ಅರ್ಧ ಬೆರಳು ಮೀರಿದ. ಅವನಂಥ ಆಟಗಾರ ಆ ಮೈದಾನದಲ್ಲಿ ಅದಕ್ಕಿಂತ ಮುಂಚೆ ಇರಲಿಲ್ಲ, ಆಮೇಲೂ ಬರಲಿಲ್ಲ. ಅತ್ತೆ ಇಲ್ಲ ಎಂದು ತಲೆಯಾಡಿಸಿದರು. ಸಾಬ್ರು ಮಗನ ಮುಖ ನೋಡದೆ, “ಮುಂದಿನವನು ಬಾರೋ” ಎಂದರು. ಅಂದಿನಿಂದ ಇಸ್ಮಾಯಿಲ್ ಮೈದಾನದ ಕಡೆ ತಲೆ ಹಾಕಲಿಲ್ಲ.

ಇದಾದ ಎರಡು ವರ್ಷಕ್ಕೆ ನಮ್ಮ ಮಂಜುವಿನ ಸರದಿ. ಅವನು ಎರಡು ತಿಂಗಳಿನಿಂದ ಹಾಲು ಬಿಟ್ಟಿದ್ದ, ಬೆಳೆಯಬಾರದೆಂದು ಕಾಲು ಮಡಚಿಯೇ ಮಲಗುತ್ತಿದ್ದ. ಅವ್ವ ಬೈದು ಬೈದು ಸುಸ್ತಾಗಿದ್ದಳು. ಆದರೂ ಅವನ ತಲೆ ಪಟ್ಟಿಗೆ ಒಂದು ಬೆರಳು ಮೀರಿತು. ಅತ್ತೆ ಎರಡು ಸಲ ನೋಡಿದರು. ಮೂರನೇ ಸಲ ನೋಡಿದರೆ ತಮ್ಮನ ಮಗ ಎಂದು ಜನ ಆಡಿಕೊಳ್ಳುತ್ತಾರೆ ಎನ್ನಿಸಿತೋ ಏನೋ, ಅಲ್ಲಿಗೇ ಬಿಟ್ಟು ಇಲ್ಲ ಎಂದರು. ಮಂಜು ಕೊಟ್ಟಿಗೆಗೆ ಹೋಗಿ ಎಮ್ಮೆಯ ಪಕ್ಕ ಕೂತವನು ಊಟಕ್ಕೂ ಬರಲಿಲ್ಲ. ಒಂದು ತಂಬಿಗೆ ಮಜ್ಜಿಗೆ ಹಿಡಿದು ನಾನು ಹೋದರೆ, “ಹೋಗೇ ಯಾಕವ್ವ, ನಂಗ್ಯಾಕೆ ಎತ್ತರ ಬೇಕಿತ್ತು, ಅದನ್ನ ಕೇಳು ಹೋಗು” ಎಂದು ಅತ್ತ. ಸೊರಬದ ಪಂದ್ಯಕ್ಕೆ ಇನ್ನು ಹತ್ತೇ ದಿನವಿತ್ತು.

ಆಗ ನಾನು ಮಾಡಿದ ಕೆಲಸಕ್ಕೆ ಮಂಜುವಿನ ಮೇಲಿನ ಪ್ರೀತಿಯೇ ಕಾರಣ ಎಂದರೆ ಸುಳ್ಳಾಗುತ್ತದೆ. ನನ್ನ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತ್ತು. ಅದು ಗಿಳಿಯ ವಿಷಯ. ನಮ್ಮ ಮುಂಬಾಗಿಲ ಚೌಕಟ್ಟಿನ ಬುಡದಲ್ಲಿ ಒಂದು ಗಿಳಿ ಕೆತ್ತಿದ್ದರು. ಅದಕ್ಕೆ ಕಾಲೇ ಇರಲಿಲ್ಲ, ಹೊಟ್ಟೆಯವರೆಗೆ ಬಂದು ನೆಲದಲ್ಲಿ ಮುಗಿದುಹೋಗುತ್ತಿತ್ತು. ಕೆತ್ತಿದವನು ಮರೆತಿರಬೇಕು ಎಂದುಕೊಂಡಿದ್ದೆ. ನಡುಮನೆಯ ಗೋಡೆಯ ಮೇಲೆ ಕ್ಲಬ್ಬಿನ ಮೊದಲ ವರ್ಷದ ಫೋಟೋ ಇತ್ತು. ಅದೇ ಜಗಲಿಯ ಮೇಲೆ ಹುಡುಗರನ್ನು ಕೂರಿಸಿ ತೆಗೆದದ್ದು. ಅಳತೆಯ ಮಾರನೇ ದಿನ ಮಧ್ಯಾಹ್ನ, ಮನೆಯಲ್ಲಿ ಯಾರೂ ಮಾತಾಡದ ಬೇಜಾರಿನಲ್ಲಿ, ಸ್ಟೂಲು ಹತ್ತಿ ಆ ಫೋಟೋ ನೋಡುತ್ತಾ ನಿಂತಿದ್ದೆ. ತುದಿಗೆ ಕೂತ ಹುಡುಗನ ಮೊಣಕಾಲ ಪಕ್ಕದಲ್ಲಿ ಗಿಳಿ. ಆ ಗಿಳಿಗೆ ಎರಡು ಕಾಲು, ಕಾಲ ಕೆಳಗೆ ಕೂರಲು ಒಂದು ಕೊಂಬೆ! ಇಳಿದು ಓಡಿ ಬಾಗಿಲಿಗೆ ಬಂದು ನೋಡಿದೆ. ಕಾಲಿಲ್ಲ. ಮತ್ತೆ ಹತ್ತಿ ನೋಡಿದೆ. ಕಾಲಿದೆ. ಎಲಾ ಇವನ, ಎಲ್ಲಿ ಹೋದವು ಕಾಲು?

ಅತ್ತೆ ಶಾಲೆಯ ಏನೋ ಕೆಲಸಕ್ಕೆ ಹೋಗಿದ್ದರು. ಅವ್ವ ಮಲಗಿದ್ದಳು. ಅಡುಗೆಮನೆಯಿಂದ ಹಳೇ ಸಟ್ಟುಗ ತಂದು, ಗಿಳಿಯ ಹೊಟ್ಟೆಯ ಕೆಳಗೆ, ಬೆಕ್ಕೂ ಕಾಲಿಡದ ಆ ಜಾಗದಲ್ಲಿ ನೆಲ ಕೆರೆಯತೊಡಗಿದೆ. ಅತ್ತೆ ಬಡಿದು ಗಟ್ಟಿ ಮಾಡಿದ ನೆಲ, ಅಷ್ಟು ಸುಲಭಕ್ಕೆ ಏಳುತ್ತದೆಯೇ? ನೀರು ಚಿಮುಕಿಸಿ ಕೆರೆದೆ. ಮೇಲೆ ಕಪ್ಪು ಹಸಿರು ಸಗಣಿಯ ಪದರ, ಅದರ ಕೆಳಗೆ ಕೆಂಪು ಮಣ್ಣು, ಮತ್ತೆ ಸಗಣಿ, ಮತ್ತೆ ಕೆಂಪು. ಒಬ್ಬಟ್ಟು ಒಂದರ ಮೇಲೊಂದು ಇಟ್ಟ ಹಾಗೆ ಎಂಟು ಕೆಂಪು ಪದರ. ಎಂಟನೆಯದರ ಕೆಳಗೆ ಮೊದಲ ನೆಲ ಸಿಕ್ಕಿತು, ಕೊಂಬೆ ಸಿಕ್ಕಿತು, ಅದರ ಮೇಲೆ ಗಿಳಿಯ ಎರಡು ಪುಟ್ಟ ಕಾಲು ಸಿಕ್ಕಿದವು. ನನಗೆ ಆದ ಖುಷಿ ಏನು ಹೇಳಲಿ! ಕಾಲು ಸಿಕ್ಕಿತು ಎಂದು ಕುಣಿದೆ. ಅದರ ಅರ್ಥ ಏನು ಎಂದು ನನಗೆ ಹೊಳೆದದ್ದು ಆಮೇಲೆ, ಕೊಟ್ಟಿಗೆಯಿಂದ ಬಂದ ಮಂಜು ಆ ಗುಂಡಿಯಲ್ಲಿ ಕಾಲಿಟ್ಟು ಚೌಕಟ್ಟಿಗೆ ಒರಗಿ ನಿಂತಾಗ. ಅವನ ತಲೆಗೂ ಪಟ್ಟಿಗೂ ನಡುವೆ ನನ್ನ ಕಿರುಬೆರಳು ನುಸುಳಿತು.

“ಏನೇ ಇದು, ಇಲಿ ಬಿಲ ತೋಡಿದ್ಹಂಗೆ!” ಎಂದು ಅತ್ತೆ ಬೀದಿಯಿಂದಲೇ ಕೂಗುತ್ತಾ ಬಂದರು. ನನ್ನ ಬೆನ್ನಿಗೆ ಒಂದು ಬಿತ್ತು ಕೂಡ. ಬೆನ್ನು ಉಜ್ಜಿಕೊಳ್ಳುತ್ತಲೇ ನಾನು ಫೋಟೋ ತೋರಿಸಿದೆ, ಗಿಳಿ ತೋರಿಸಿದೆ, ಪದರಗಳನ್ನು ತೋರಿಸಿದೆ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಪದರವನ್ನೂ ಉಗುರಿನಿಂದ ಮುಟ್ಟಿ ಎಣಿಸಿದರು. ಶಾಲೆಯ ಸ್ಕೇಲು ಇಟ್ಟು ನೋಡಿದರು. ಒಂದೂಕಾಲು ಇಂಚು. ಹುಡುಗರು ಮೋಸ ಮಾಡಬಾರದು ಎಂದು ವರ್ಷ ವರ್ಷ ತಾವೇ ಹಾಕಿ ಬಡಿದ ಮಣ್ಣು. ನೆಲ ಮೇಲೇಳುತ್ತಾ ಬಂದಿತ್ತು, ಪಟ್ಟಿ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು. ಮಂಜು, “ಅತ್ತೇ, ಹಂಗಾರೆ ನಾನು ಆಡಬೌದು!” ಎಂದು ಹಾರಾಡುತ್ತಿದ್ದ. “ನೀನು ಸುಮ್ನಿರು ಸ್ವಲ್ಪ” ಎಂದರು ಅತ್ತೆ. ಗದರಲಿಲ್ಲ, ಬೇಡಿಕೊಂಡ ಹಾಗೆ ಹೇಳಿದರು. ಸ್ಕೇಲನ್ನು ಮತ್ತೆ ಗುಂಡಿಯಲ್ಲಿಟ್ಟು ಇನ್ನೊಮ್ಮೆ ಅಳೆದರು. ಆಗ ನನಗೆ ಭಯವಾಯಿತು. ಈ ಗಿಳಿಯ ಕಾಲು ನೆಲದಲ್ಲೇ ಇದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವರ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾವ ವರ್ಷ ಯಾರು ಪಟ್ಟಿಗೆ ಎಷ್ಟು ಬೆರಳು ಮೀರಿದರು ಎಂದು ಅದರಲ್ಲಿ ಬರೆದಿಡುತ್ತಿದ್ದರು. ದೀಪ ಹಚ್ಚುವ ಹೊತ್ತಿನವರೆಗೂ ಜಗಲಿಯಲ್ಲೇ ಕೂತು, ಆ ವರ್ಷ ಎಷ್ಟು ಪದರ ಇದ್ದಿರಬೇಕು, ಈ ಹುಡುಗ ಎಷ್ಟು ಮೀರಿದ್ದ ಎಂದು ಒಬ್ಬೊಬ್ಬರನ್ನೇ ನೋಡಿದರು. ಬಹಳ ಮಂದಿ ಹೇಗೂ ಎತ್ತರದವರೇ. ಆದರೆ ಮಂಜುವನ್ನೂ ಸೇರಿಸಿ ಏಳು ಹುಡುಗರು ಸರಿಯಾಗಿ ಅಳೆದಿದ್ದರೆ ಆಡಬೇಕಾದವರು. ಆ ಏಳು ಹೆಸರನ್ನು ಬೇರೆ ಚೀಟಿಯಲ್ಲಿ ಬರೆದರು. ಅಪ್ಪ ಸಮಾಧಾನ ಹೇಳಲು ನೋಡಿದ: “ಅಕ್ಕಾ, ಆದದ್ದು ಆಯ್ತು. ಆ ಹುಡುಗರೆಲ್ಲ ಈಗ ದೊಡ್ಡವರಾಗ್ಯಾರೆ. ಸುಮ್ನೆ ನೆಲ ಸರಿ ಮಾಡಿ, ಮಂಜುನ ಕಳಿಸಿ ಬಿಡು. ಯಾರಿಗೆ ಗೊತ್ತಾಗ್ತದೆ?” ಅತ್ತೆ ಅಪ್ಪನನ್ನು ನೋಡಿದ ನೋಟಕ್ಕೆ ಅಪ್ಪ ಎದ್ದು ಒಳಗೆ ಹೋದ. ಇಡೀ ಸಂಕಟ ಅಲ್ಲೇ ಇತ್ತು. ಬಾಯಿ ಬಿಟ್ಟರೆ ಒಂಬತ್ತು ವರ್ಷದ ಮಾತು ಮಣ್ಣಾಗುತ್ತದೆ. ಮೇಲಾಗಿ ಆ ಏಳರಲ್ಲಿ ಈಗಲೂ ಆಡಬಲ್ಲವನು ಒಬ್ಬನೇ, ಮನೆಯ ಹುಡುಗ. ಅವನಿಗೋಸ್ಕರ ಅಕ್ಕೋರು ನೆಲ ಅಗೆದರು ಎನ್ನದೆ ಇರುತ್ತಾರೆಯೇ ಊರಿನವರು? ಬಾಯಿ ಬಿಡದಿದ್ದರೆ ಅತ್ತೆಗೆ ಅನ್ನ ಇಳಿಯುವುದಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ನನ್ನನ್ನು ಕರೆದರು. “ಅಗೆದವಳು ನೀನು. ನಡಿ ನನ್ನ ಜೊತೆ.”

ಮುಂದೆ ಸೊರಬದಲ್ಲಿ ಏನಾಯಿತು ಎಂದು ನೀವು ಕಾಯಬೇಡಿ, ಈಗಲೇ ಹೇಳಿಬಿಡುತ್ತೇನೆ. ಅತ್ತೆ ಎಂದೂ ಪಂದ್ಯಕ್ಕೆ ಹೋದವರಲ್ಲ, ಆ ವರ್ಷ ತಾವೇ ಹೋಗಿ, ನಡೆಸುವವರ ಮುಂದೆ ನಿಂತು, ನನ್ನ ಅಳತೆ ತಪ್ಪಿತ್ತು, ಎಲ್ಲರ ಹಾಗೆ ನಮ್ಮ ಹುಡುಗರನ್ನೂ ಬಿದಿರಿನ ಕೆಳಗೆ ದಾಟಿಸಿ ಎಂದರು. ಮಂಜು ಬಿದಿರಿನ ಕೆಳಗೆ ದಾಟಿದ, ಆಡಿದ, ಎರಡನೇ ಆಟದಲ್ಲೇ ಸೋತು ಬಂದ. ನಮ್ಮ ಓಣಿಯಲ್ಲಿ ಜನ ಆಡಿಕೊಂಡರೋ ಎಂದರೆ, ಹೌದು, ಆಡಿಕೊಂಡರು. ಅತ್ತೆ ಆಮೇಲೆ ಯಾರನ್ನೂ ಅಳೆಯಲಿಲ್ಲ. ಕ್ಲಬ್ಬು ಇನ್ನೂ ಐದಾರು ವರ್ಷ ನಡೆಯಿತು. ಮೈದಾನದಲ್ಲಿ ಸಿಮೆಂಟಿನ ಕಟ್ಟೆಗಳು ಬಂದ ಮೇಲೆ ನಿಂತುಹೋಯಿತು. ಅತ್ತೆ ಹೋದರು, ಗಫೂರ್ ಸಾಬ್ರು ಹೋದರು, ಮನೆ ಮಾರಿದೆವು. ಹೊಸಬರು ಕೆಡವುವಾಗ ಆ ಚೌಕಟ್ಟು ಏನಾಯಿತೆಂದು ನಾನು ಕೇಳಲಿಲ್ಲ. ಎಲ್ಲವನ್ನೂ ಕೇಳುವ ನಾನು ಅದನ್ನು ಮಾತ್ರ ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ.

ಪಂದ್ಯಕ್ಕೆ ಮುಂಚೆ, ಚೀಟಿಯಲ್ಲಿದ್ದ ಹುಡುಗರನ್ನು ಹುಡುಕಿಕೊಂಡು ನಾಲ್ಕು ದಿನ ಅತ್ತೆಯ ಕೈ ಹಿಡಿದು ತಿರುಗಿದ್ದು ಮಾತ್ರ ಹೆಜ್ಜೆ ಹೆಜ್ಜೆಯೂ ನೆನಪಿದೆ. ಜಡೆಯ ಹುಡುಗ ಗದ್ದೆಯ ಬದುವಿನ ಮೇಲೆ ಸಿಕ್ಕಿದ, ಮೀಸೆ ಬಂದಿತ್ತು. ಅತ್ತೆ ನಿಂತಲ್ಲೇ ಹೇಳಿದರು, “ನಿನ್ನ ತಪ್ಪು ಅಳೆದೆನಪ್ಪಾ.” ಅವನಿಗೆ ಯಾವ ಅಳತೆ ಎಂದೇ ಮರೆತುಹೋಗಿತ್ತು. ನೆನಪಾದ ಮೇಲೆ, “ಅಯ್ಯೋ ಅಕ್ಕೋರೆ, ಇದಕ್ಕೆ ಬಿಸಿಲಲ್ಲಿ ಇಷ್ಟು ದೂರ ಬಂದ್ರಾ? ಬನ್ನಿ, ಆಸರಿಗೆ ಕುಡೀರಿ” ಎಂದು ಮನೆಗೆ ಕರೆದೊಯ್ದು ಮಜ್ಜಿಗೆ ಕೊಟ್ಟ. ಕ್ಯಾಸನೂರಿನವನು ಶಿರಾಳಕೊಪ್ಪದ ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದವನು. ಈಗ ತಿರುಗಿ ಊರಿಗೆ ಹೋಗಿದ್ದ. ಅವನು ಸಿಗಲಿಲ್ಲ, ಅವನ ತಾಯಿ ಸಿಕ್ಕಳು. ಎಲ್ಲ ಕೇಳಿ, “ಅವತ್ತು ಮೂರು ದಿನ ಉಂಡಿರಲಿಲ್ಲ ಕಣ್ರೀ ನನ್ನ ಮಗ” ಎಂದಳು, ಅಷ್ಟೇ. ಇನ್ನಿಬ್ಬರು ನಕ್ಕರು. ಮತ್ತೊಬ್ಬ, “ನಾನು ಅವತ್ತೇ ಹೇಳಿದ್ದೆ, ನೀವು ಕೇಳ್ಲಿಲ್ಲ” ಎಂದು ಮುಖ ತಿರುಗಿಸಿದ. ಅತ್ತೆ ಒಂದೊಂದಕ್ಕೂ ಹ್ಞೂಂ ಎಂದು ಚೀಟಿಯಲ್ಲಿ ಹೆಸರು ಹೊಡೆದುಹಾಕುತ್ತಿದ್ದರು. ನಾಲ್ಕನೇ ದಿನಕ್ಕೆ ಮಂಜುವನ್ನು ಬಿಟ್ಟರೆ ಉಳಿದದ್ದು ಇಸ್ಮಾಯಿಲನ ಹೆಸರು. ನಮ್ಮ ಬಾಗಿಲಿನಿಂದ ಹದಿನೈದು ಹೆಜ್ಜೆ ಅವನ ಅಂಗಡಿ. ಜಡೆಗೆ ಮೊದಲು ಯಾಕೆ ಹೋದೆವು, ಎದುರಿಗೇ ಇರುವವನನ್ನು ಕೊನೆಗೆ ಯಾಕೆ ಇಟ್ಟಿರಿ ಎಂದು ನಾನು ಕೇಳಿದೆ. “ಎದುರಿಗಿದ್ದಾನೆ ಅಂತಾನೇ” ಎಂದರು ಅತ್ತೆ. ಅದು ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಅಂಗಡಿಯಲ್ಲಿ ಗಫೂರ್ ಸಾಬ್ರು ಟ್ರಂಕಿನ ಮೂಲೆ ಬಡಿಯುತ್ತಿದ್ದರು. ಇಸ್ಮಾಯಿಲ್ ಕತ್ತರಿಯಿಂದ ತಗಡು ಕತ್ತರಿಸುತ್ತಾ ನೆಲದ ಮೇಲೆ ಕೂತಿದ್ದ. ಅತ್ತೆ ಒಳಗೆ ಬಂದದ್ದು ಕಂಡು ಸಾಬ್ರು ಸುತ್ತಿಗೆ ಇಟ್ಟರು. ಅತ್ತೆ ಅವರ ಕಡೆ ನೋಡದೆ ನೇರ ಹುಡುಗನಿಗೇ ಹೇಳಿದರು. “ಇಸ್ಮಾಯಿಲ್, ಎರಡು ವರ್ಷದ ಹಿಂದೆ ನಿನ್ನ ತಪ್ಪು ಅಳೆದೆನಪ್ಪಾ. ನೆಲ ಎದ್ದಿತ್ತು, ನಾನು ನೋಡ್ಲಿಲ್ಲ. ನೀನು ಆಡಬೇಕಾದವನು.”

ಇಸ್ಮಾಯಿಲ್ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಗೊತ್ತಿತ್ರೀ ಅಕ್ಕೋರೇ” ಎಂದ.

“ಏನು ಗೊತ್ತಿತ್ತು?”

“ಅವತ್ತೇ ಇಲ್ಲಿ ಬಂದು ಅಬ್ಬನ ಅಡಿಕೋಲಿಂದ ಅಳ್ಕೊಂಡೆ. ನಾಲ್ಕಡಿ ಒಂಬತ್ತೂವರೆ ಇದ್ದೆ. ಅಬ್ಬಾಗೂ ತೋರಿಸ್ದೆ.”

ಅತ್ತೆ ಈಗ ಸಾಬ್ರ ಕಡೆ ತಿರುಗಿದರು. ಸಾಬ್ರು ಟ್ರಂಕಿನ ಮುಚ್ಚಳವನ್ನು ತೆರೆದು ಮುಚ್ಚಿದರು, ಮತ್ತೆ ತೆರೆದರು. “ಹೌದ್ರೀ. ನಾನೇ ಬಾಯಿ ಮುಚ್ಕೊಂಡಿರು ಅಂದೆ. ಕೋಚ್ ಮಗ ಅಂತ ಅಳತೆ ತಿದ್ದಿದ್ರು ಅಂತಾರೆ ಜನ. ನಿಮ್ಮ ಮಾತಿನ ಮೇಲೆ ನಿಂತಿತ್ರೀ ನಮ್ಮ ಕ್ಲಬ್ಬು. ಎಲ್ಲೋ ನಿಮ್ಮ ಕಣ್ಣು ತಪ್ಪಿರ್ಬೇಕು, ಮಗಂದು ಒಂದು ವರ್ಷ ಹೋದ್ರೆ ಹೋಗ್ಲಿ ಅಂದ್ಕೊಂಡೆ. ನೆಲ ಎದ್ದೈತಿ ಅಂತ ನಂಗೂ ಹೊಳೀಲಿಲ್ಲ.”

“ಅವತ್ತೇ ಅಂದಿದ್ರೆ ಹೊಳೀತಿತ್ತಲ್ರೀ. ಆಮೇಲಿನ ಹುಡುಗರಾದ್ರೂ ಆಡ್ತಿದ್ರು” ಎಂದರು ಅತ್ತೆ. ಕೋಪದಿಂದ ಶುರುವಾದ ಮಾತು ಕೊನೆಗೆ ಅಳುವಾಯಿತು. ಅಂಗಡಿಯ ನಡುವೆ ಒಂದು ಟ್ರಂಕಿನ ಮೇಲೆ ಕೂತುಬಿಟ್ಟರು. ನಮ್ಮ ಅತ್ತೆ ಬೀದಿಗೆ ಕಾಣುವ ಹಾಗೆ ಕೂತು ಅತ್ತದ್ದನ್ನು ನಾನು ಅದೊಂದೇ ಸಲ ನೋಡಿದ್ದು. ನಾನೂ ಅತ್ತುಬಿಟ್ಟೆ.

“ನಂದೂ ತಪ್ಪೇರೀ” ಎಂದರು ಸಾಬ್ರು. ಮನೆಯಲ್ಲಿ ಅವರ ಮಾತು ಉರ್ದುವಿನಲ್ಲಿ ನಡೆಯುತ್ತಿತ್ತು, ಆದರೆ ಅಂದು ಮಗನಿಗೂ ಕನ್ನಡದಲ್ಲೇ ಹೇಳಿದರು, ಅತ್ತೆಗೂ ಕೇಳಲಿ ಎಂದೋ ಏನೋ. “ಇಸ್ಮಾಯಿಲ್, ಒಂದು ವರ್ಷಕ್ಕೋಸ್ಕರ ನೀನು ಎಲ್ಲಾ ಬಿಟ್ಯಲ್ಲೋ.”

“ಒಂದು ವರ್ಷ ಅಲ್ಲ ಅಬ್ಬಾ. ನಂಗೆ ಉಳಿದಿದ್ದೇ ಅದೊಂದು ವರ್ಷ.”

ಸಾಬ್ರು ಮೆಲ್ಲಗೆ ಕೇಳಿದರು, “ಸಂಜೆ ಬರ್ತೀಯೇನೋ ಮೈದಾನಕ್ಕೆ? ಬಾ, ಆಡು.”

“ಯಾರ ಜೊತೆ ಆಡ್ಲಿ ಅಬ್ಬಾ?” ಇಸ್ಮಾಯಿಲ್ ಕತ್ತರಿ ಕೆಳಗಿಟ್ಟು ಎದ್ದು ನಿಂತ. ಮಾಡಿನಿಂದ ತೂಗುಬಿಟ್ಟಿದ್ದ ಆಲಿಕೆಗಳು ಅವನ ತಲೆಗೆ ತಾಗಿ ಗಲಗಲ ಅಂದವು. ಸದ್ದಾಗದಂತೆ ಅವುಗಳನ್ನು ಕೈಯಿಂದ ಹಿಡಿದ. “ನಾನೀಗ ಉದ್ದ ಆಗ್ಬಿಟ್ಟೀನಿ” ಎಂದು ಹೇಳಿ, ಬಾಗಿಲಲ್ಲಿ ಬಗ್ಗಿ ಹೊರಗೆ ಹೋದ.